ತಾಲ್ಲೂಕಿಗೊಂದು ಗೊಜ್ಜು

ಚನ್ನಪಟ್ಟಣದ ಹೈವೇ ಪಕ್ಕದಲ್ಲಿ ಮುನಾವರ್ ಮೀನಿನ ಹೋಟೆಲ್ ಇಟ್ಟಾಗಿನಿಂದ ಅಲ್ಲಿ ಜಗಳ ತಪ್ಪಿದ್ದಿಲ್ಲ. ಬಂಗುಡೆ ಫ್ರೈ ಎಲ್ಲರಿಗೂ ಒಂದೇ. ಪಕ್ಕಕ್ಕೆ ಬಡಿಸುವ ಗೊಜ್ಜಿನದೇ ರಾದ್ಧಾಂತ. ಕಾಯಿ ಹಾಕಿದರೆ ಕನಕಪುರದವರು ತಟ್ಟೆ ನೂಕುತ್ತಿದ್ದರು, ಹುಣಸೆಹಣ್ಣು ಒಸಿ ಹೆಚ್ಚಾದರೆ ಚನ್ನಪಟ್ಟಣದವರು ಎದ್ದೇ ಹೋಗುತ್ತಿದ್ದರು. ತಲೆ ಕೆಟ್ಟ ಮುನಾವರ್ ತಾಲ್ಲೂಕಿಗೊಂದು ಪಾತ್ರೆ ಇಟ್ಟು, ಆಧಾರ್ ಕಾರ್ಡು ನೋಡಿ ಗೊಜ್ಜು ಬಡಿಸತೊಡಗಿದ. ಊಟ ತನ್ನಿಚ್ಛೆ ಅನ್ನುವ ಗಾದೆಗೆ ಅಲ್ಲಿಗೆ ಎಳ್ಳುನೀರು ಬಿಟ್ಟ ಹಾಗಾಯಿತು.

ಅಂಥ ಹೋಟೆಲಿಗೆ ಬಾಲರಾಜು ಬಂದ. ಅವನ ಅವ್ವ ಮುನಿಯಮ್ಮ ತೀರಿಹೋಗಿ ವರ್ಷವಾಗಿತ್ತು. ಅವಳು ಮೀನಿನ ಜೊತೆಗೆ ಮಾಡುತ್ತಿದ್ದ ಗೊಜ್ಜಿನ ರುಚಿ ಒಂದು ಸಲ, ಒಂದೇ ಒಂದು ಸಲ ಅವನ ನಾಲಗೆಗೆ ಬೇಕಿತ್ತು.

"ಕನಕಪುರದ ಗೊಜ್ಜು ಹಾಕಣ್ಣ. ನಮ್ದು ಕನಕಪುರ ತಾಲ್ಲೂಕು ಸಾತನೂರು."

ಮುನಾವರ್ ಕಾರ್ಡು ತಿರುಗಿಸಿ ನೋಡಿದ. "ಇದ್ರಲ್ಲಿ ಚನ್ನಪಟ್ಟಣ ಅಂತೈತಲ್ಲ ಸಾರ್. ನಿಮ್ಗೆ ಕಾಯಿ ಗೊಜ್ಜೇಯ."

"ಇಲ್ಲಿಗೆ ಬಂದಿದ್ದು ಕೆಲ್ಸಕ್ಕೆ. ಹುಟ್ಟಿ ಬೆಳ್ದಿದ್ದೆಲ್ಲ ಸಾತನೂರೇ ಕಣಣ್ಣ!"

"ಎಲ್ರೂ ಹಂಗೇ ಅಂತಾರೆ. ಸಾಕ್ಷಿ ಕೊಡಿ."

ಬಾಲರಾಜು ನಾಚಿಕೆ ಬಿಟ್ಟು ಸಾತನೂರಿನ ದೊಡ್ಡಪ್ಪ ವೆಂಕಟಯ್ಯನಿಗೆ ವಿಡಿಯೋ ಕಾಲ್ ಮಾಡಿದ. "ನಮ್ಮೂರ ಕೆರೆ ಮೀನು ತಿಂದು ಬೆಳ್ದೋನು ಕಣಯ್ಯ, ಬಡ್ಸು ಅವ್ನಿಗೆ!" ಎಂದು ದೊಡ್ಡಪ್ಪ ಮುನಾವರನನ್ನು ಗದರಿದ. ಹೋಟೆಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕನಕಪುರದ ಪಾತ್ರೆಯಿಂದ ಒಂದು ಸೌಟು ತಟ್ಟೆಗೆ ಬಿತ್ತು.

ಬಾಲರಾಜು ಮೀನು ಅದ್ದಿ ಬಾಯಿಗಿಟ್ಟ. ಬರೀ ಹುಳಿ. ಅವ್ವನದು ಇದಲ್ಲವೇ ಅಲ್ಲ. ಇಂಗು ತಿಂದ ಮಂಗನ ಹಾಗಾಯಿತು ಅವನ ಮುಖ.

ಎದುರಿಗೆ ಕೂತಿದ್ದ, ಮಾಗಡಿ ತಾಲ್ಲೂಕಿನ ಅಜ್ಜಿಯೊಬ್ಬಳಿಗೆ ಅಯ್ಯೋ ಪಾಪ ಅನ್ನಿಸಿತು. ಮುನಾವರ್ ಅತ್ತ ತಿರುಗಿದ್ದೇ ತಡ, ತನ್ನ ತಟ್ಟೆ ಇತ್ತ ಸರಿಸಿದಳು. "ಒಸಿ ನಮ್ ಮಾಗಡಿ ಗೊಜ್ಜಲ್ಲಿ ಅದ್ಕೊ ಮಗ."

ಕಪ್ಪಗಿನ ಗೊಜ್ಜು, ಹುರಿದ ಹುಚ್ಚೆಳ್ಳಿನ ಘಮ. ನಾಲಗೆಗೆ ತಾಕಿದ್ದೇ ಬಾಲರಾಜುವಿನ ಕಣ್ಣು ತುಂಬಿಬಂತು.

"ಖಾರ ಆಯ್ತಾ?"

"ಇಲ್ಲ ಕಣಜ್ಜಿ. ನಮ್ಮವ್ವ ಮಾಡ್ತಿದ್ದಂಗೇ ಐತೆ. ನಾವು ಸಾತನೂರೋರು, ಮಾಗಡಿ ಗೊಜ್ಜು ಹೆಂಗೆ ಹಿಂಗಾಯ್ತು?"

"ಸಾತನೂರು ನಿಮ್ಮಪ್ಪನ ಊರು. ನಿಮ್ಮವ್ವನ ತವರು ಯಾವೂರಪ್ಪ?"

"ಮಾಗಡಿ ತಾವ ಕುದೂರು" ಎಂದವನು ಅಜ್ಜಿಯ ತಟ್ಟೆಯ ಗೊಜ್ಜನ್ನು ಮತ್ತೊಮ್ಮೆ ನೋಡಿದ. ನಲವತ್ತು ವರ್ಷ ಅವನು ಬೆರಳು ನೆಕ್ಕಿಕೊಂಡು "ನಮ್ ಸಾತನೂರು ಗೊಜ್ಜು ಅಂದ್ರೆ ಇದು" ಎಂದಾಗಲೆಲ್ಲ, ಮುನಿಯಮ್ಮ ಒಂದು ಮಾತೂ ಆಡದೆ ಇನ್ನೊಂದು ಸೌಟು ಬಡಿಸಿದ್ದಳು.