ಇಲ್ಲದ ವಾಂತಿಭೇದಿ

ಮೂರನೇ ಹೆರಿಗೆಯಾದಾಗಿನಿಂದ ಸರ್ವಮಂಗಳಮ್ಮನಿಗೆ ಗರ್ಭಕೋಶ ಜಾರಿತ್ತು. ಕೊಡ ಎತ್ತಿದರೆ ಹೊರಗೇ ಬಂದುಬಿಡುತ್ತಿತ್ತು. ಅಂತೂ ಆಪರೇಷನ್‌ಗೆ ದಿನ ಗೊತ್ತಾದಾಗ, ಎಪ್ಪತ್ತಾರರ ಬೇಸಿಗೆಯಲ್ಲಿ, ಹೊಳೆಸಾಲಿನ ಊರುಗಳಲ್ಲೆಲ್ಲ ಕಾಲರಾ ಎದ್ದಿತ್ತು.

"ಕಾಯಿಸಿದ ನೀರೇ ಕುಡೀಬೇಕು. ಕಾಯಿಲೆ ಇರೋ ಮನೆಗೆ ಕಾಲಿಡಬಾರದು. ನಿಮ್ಮನೇಲೇ ಯಾರಿಗಾದ್ರೂ ವಾಂತಿಭೇದಿ ಆದ್ರೆ ಒಳಗೆ ಸೇರಿಸ್ಕೊಳ್ಳಲ್ಲ, ವಾರ್ಡಿಗೆಲ್ಲ ಹರಡುತ್ತೆ" ಎಂದಿದ್ದರು ದಾವಣಗೆರೆಯ ಡಾಕ್ಟರಮ್ಮ.

ಅವಳು ಹಾಗೇ ನಡೆದುಕೊಂಡಳು. ನಲ್ಲೂರಿನಲ್ಲಿ ಅಕ್ಕ ನಿರ್ಮಲಮ್ಮ ಅದೇ ಕಾಯಿಲೆಯಿಂದ ತೀರಿಕೊಂಡ ಸುದ್ದಿ ಬಂದಾಗ, ಸೀರೆ ಬದಲಿಸಿ ಹೊಸ್ತಿಲವರೆಗೆ ಬಂದವಳನ್ನು ಗಂಡ ಕಲ್ಲೇಶಪ್ಪನೇ ತಡೆದ. "ಹೋದ್ರೆ ಡಾಕ್ಟರಮ್ಮ ಮುಟ್ಟಲ್ಲ ನೋಡು." ಅಕ್ಕನ ಮಣ್ಣಿಗೂ ಹೋಗದೆ ಒಲೆ ಮುಂದೆ ಕೂತು ನೀರು ಕಾಯಿಸಿದಳು.

ಗೊತ್ತಾದ ದಿನ ಹೊನ್ನಾಳಿಯಿಂದ ಮೊದಲ ಬಸ್ಸಿಗೇ ಇಬ್ಬರೂ ಹೊರಟರು. ವಾರ್ಡಿನ ಬಾಗಿಲಲ್ಲಿ ಡಾಕ್ಟರಮ್ಮ ಎಲ್ಲರನ್ನೂ ಕೇಳುವಂತೆ ಅವಳನ್ನೂ ಕೇಳಿದರು: "ಮನೇಲಿ ಎಲ್ಲ ಆರಾಮಾ?"

"ಆರಾಮ್ರೀ."

"ಸುಳ್ಯಾಕೆ ಹೇಳ್ಬೇಕು ಮೇಡಂ," ಎಂದ ಕಲ್ಲೇಶಪ್ಪ. "ನಿನ್ನೆಯಿಂದ ನಮ್ಮವ್ವಗೆ ವಾಂತಿಭೇದಿ ಐತೆ."

"ಇಲ್ರೀ ಅಮ್ಮಾ! ಅತ್ತೆ ಗುಂಡುಕಲ್ಲಿನಂಗೆ ಅದಾರೆ. ಬೆಳಿಗ್ಗೆ ರೊಟ್ಟಿ ತಟ್ಟಿಕೊಟ್ರು, ಬುತ್ತಿ ಇಲ್ಲೇ ಐತೆ ನೋಡ್ರಿ!"

"ಆಪರೇಷನ್ ಆಸೆಗೆ ಹಿಂಗಂತಾಳೆ ಮೇಡಂ" ಎಂದು ನಕ್ಕ.

ಕಾಯಿಲೆ ಮುಚ್ಚಿಟ್ಟು ಬಂದವರನ್ನು ಡಾಕ್ಟರಮ್ಮ ದಿನಾ ಕಂಡಿದ್ದರು. ಇಲ್ಲದ ಕಾಯಿಲೆಯನ್ನು ಇದೆ ಎನ್ನುವವರನ್ನು ಕಂಡಿರಲಿಲ್ಲ. "ಊರಲ್ಲಿ ಎಲ್ಲ ಅಡಗಿದ ಮೇಲೆ ಬನ್ನಿ" ಎಂದು ಮುಂದಿನವಳನ್ನು ಕರೆದರು.

ಬಸ್‌ಸ್ಟ್ಯಾಂಡಿನಲ್ಲಿ ಅವಳು ಕೇಳಿದಳು. "ಯಾಕ್ರೀ?"

"ಬರೋ ತಿಂಗಳು ನನ್ನ ತಂಗಿ ಮದುವೆ ಐತಲ್ಲ. ಆಪರೇಷನ್ ಆದ್ಮೇಲೆ ಮೂರು ತಿಂಗಳು ನೀನು ಕೊಡ ಎತ್ತಂಗಿಲ್ಲ ಅಂದ್ರೆ ನೀರು ಹೊರೋರು ಯಾರು? ಅವ್ವಾನೂ ಅದೇ ಅಂದ್ಲು. ಇಷ್ಟು ವರ್ಷ ತಡ್ಕಂಡೀಯ, ಇನ್ನಷ್ಟು ದಿನ ಆಗಲ್ವಾ? ಸೋಡಾ ಕುಡಿತೀಯಾ?"

"ನಮ್ಮಕ್ಕ ಸತ್ತ ದಿನಾನೂ ನಿಮಗಿದು ಗೊತ್ತಿತ್ತಾ?"

ಅವನು ಸೋಡಾ ಬಾಟಲಿಯ ಗೋಲಿ ಒತ್ತಿದ.

ಮನೆ ಕಟ್ಟೆಯ ಮೇಲೆ ಅತ್ತೆ ಪಕ್ಕದಮನೆ ಚೌಡಮ್ಮನ ಜೊತೆ ಹರಟುತ್ತಿದ್ದಳು. "ಬಂದ್ಯಾ? ನಲ್ಲಿ ಬಂದೈತೆ, ಕೊಡ ತಗೊಂಡು ಹೋಗು."

"ಒಳಗೆ ನಡೀರಿ ಅತ್ತೆ, ಮಲಗ್ರಿ," ಬೀದಿಗೆಲ್ಲ ಕೇಳುವಂತೆ ಅಂದಳು ಸರ್ವಮಂಗಳಮ್ಮ. "ನಿಮಗೆ ವಾಂತಿಭೇದಿ ಹತ್ತೈತಂತೆ. ನಿಮ್ಮ ಮಗನೇ ಡಾಕ್ಟರಿಗೆ ಹೇಳ್ಯಾರೆ."

ಚೌಡಮ್ಮ ಸೆರಗನ್ನು ಬಾಯಿಗೆ ಹಿಡಿದು ಎದ್ದೇಬಿಟ್ಟಳು. ಸಂಜೆಯೊಳಗೆ ಮದುವೆಯ ಬೀಗರಿಗೂ ಸುದ್ದಿ ಮುಟ್ಟಲಿತ್ತು.

ಸರ್ವಮಂಗಳಮ್ಮ ಖಾಲಿ ಕೊಡವನ್ನು ದಾಟಿ ನಲ್ಲೂರಿನ ಬಸ್ಸಿಗೆ ನಡೆದಳು. ಆಪರೇಷನ್ ತಪ್ಪಿದ ಮೇಲೆ ಅಕ್ಕನ ಮನೆಗೆ ಹೋಗಲು ಈಗ ಯಾವ ತಡೆಯೂ ಇರಲಿಲ್ಲ.