ತಂಗಿಯ ಔಷಧಿ

"ನಾನು ಬರಲ್ಲ. ಟ್ಯಾಕ್ಸಿನ ಕಳಿಸ್ಬಿಡು," ಎಂದು ಅಕ್ಕ ಮೆಟ್ಟಿದ ಚಪ್ಪಲಿಯನ್ನು ಮತ್ತೆ ಕಳಚಿ ಕೂತಳು.

ಕೆಳಗೆ ಟ್ಯಾಕ್ಸಿಯವನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ತಂಗಿ ನಿಂತಲ್ಲಿ ನಿಲ್ಲಲಾರದೆ ಕಿಟಕಿಗೂ ಬಾಗಿಲಿಗೂ ಓಡಾಡಿದಳು. ಆಸ್ಪತ್ರೆಯ ಕಿಮೋ ಚಿಕಿತ್ಸೆಯ ಹೋದ ಸರದಿಯನ್ನೂ ಅಕ್ಕ ಜ್ವರದ ನೆಪ ಹೇಳಿ ತಪ್ಪಿಸಿದ್ದಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುವ ಜಾಯಮಾನ ಅವಳದು. ಈ ಸಲವೂ ತಪ್ಪಿಸಿದರೆ ಗಡ್ಡೆ ಕೈಮೀರುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

"ಏನಾಯ್ತಕ್ಕ ಈಗ?"

"ನಿನ್ನ ಔಷಧಿ ಬರ್ಲಿ, ಅದನ್ನೇ ತಗೋತೀನಿ. ಕೂದ್ಲು ಉದುರಲ್ಲ, ವಾಂತಿ ಆಗಲ್ಲ ಅಂದ್ಯಲ್ಲ. ಅಲ್ಲೀವರೆಗೂ ತಡ್ಕೋತೀನಿ."

ತಂಗಿ ಓಡಾಡುವುದನ್ನು ನಿಲ್ಲಿಸಿದಳು. ಹೇಳಿದ್ದು ನಿಜವೇ. ಎಲೆಯ ನಾರಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿ, ಅದರೊಳಗೆ ಕ್ಯಾನ್ಸರ್ ಔಷಧಿ ತುಂಬಿ, ಗಡ್ಡೆ ಮುಟ್ಟಿದ ಮೇಲಷ್ಟೇ ಇಷ್ಟಿಷ್ಟಾಗಿ ಸುರಿಯುವಂತೆ ಮಾಡುವುದು ಲ್ಯಾಬಿನಲ್ಲಿ ಅವಳ ಕೆಲಸ. ಇಲಿಗಳಲ್ಲಿ ಅದು ಮೊದಲ ಸಲ ಫಲಿಸಿದ ದಿನ ಊಟಕ್ಕೆ ಕೂತವಳು ಕೈ ಒಣಗುವವರೆಗೂ ಕೊಚ್ಚಿಕೊಂಡಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೆಂದರೆ ಇದೇ. ಅಕ್ಕನೋ, ಆ ಕುಲಾವಿಯನ್ನು ತಲೆಗೇ ಹಾಕಿಕೊಂಡು ಕೂತುಬಿಟ್ಟಿದ್ದಳು.

"ಅದಿನ್ನೂ ಇಲಿಗಳಿಗೆ ಕೊಡ್ತಿರೋದು, ಅಕ್ಕ."

"ನನ್ನನ್ನೂ ಒಂದು ಇಲಿ ಅಂದ್ಕೋ. ಒಂದು ಸೀಸೆ ತಂದುಕೊಡು, ಯಾರಿಗೂ ಹೇಳಲ್ಲ."

ತಂಗಿ ನಗಲು ಹೋದಳು, ಆಗಲಿಲ್ಲ.

"ಆಮೇಲೆ ಸತ್ತ ಇಲಿಗಳ ಸುದ್ದಿ ನಿಂಗೆ ಹೇಳ್ಲೇ ಇಲ್ಲ ನಾನು. ಕಣ ದಾರಿಯಲ್ಲೇ ಒಡೆದು ಔಷಧಿಯೆಲ್ಲ ಒಂದೇ ಸಲ ಸುರಿದುಹೋಯ್ತು. ಅದು ಸರಿಹೋಗೋಕೆ ಇನ್ನೂ ವರ್ಷಗಟ್ಟಲೆ ಬೇಕು. ನನ್ನ ಔಷಧಿ ನಿಂಗೆ ಸಿಗಲ್ಲ, ಅಕ್ಕ. ನಿಂಗಿರೋದು ಆಸ್ಪತ್ರೆಯವರು ಕೊಡೋದೊಂದೇ."

ಹೇಳಿ ಮುಗಿಸಿದಾಗ ಅವಳಿಗೆ ತನ್ನ ಬಾಯಿಯ ಮೇಲೇ ಅಸಹ್ಯವಾಯಿತು. ಹಾರ್ನ್ ಮತ್ತೆ ಕೂಗಿತು.

"ಇವನೊಬ್ಬ, ಪ್ರಾಣ ತಿಂತಾನೆ," ಎಂದು ಗೊಣಗಿ ಅಕ್ಕ ಎದ್ದಳು.

ವಾರ್ಡಿನಲ್ಲಿ ನರ್ಸ್ ಒಂದರ ಮೇಲೊಂದು ಎರಡು ಗ್ಲೌಸ್ ಹಾಕಿಕೊಂಡು ಬಂದಳು. ಕೆಂಪು ಔಷಧಿಯ ಸಿರಿಂಜನ್ನು ಅಕ್ಕನ ಕೈಯ ನಳಿಕೆಗೆ ಜೋಡಿಸಿ ಮೆಲ್ಲಗೆ ಒತ್ತತೊಡಗಿದಳು.

"ನೀನು ಕಣದೊಳಗೆ ತುಂಬೋದೂ ಇದನ್ನೇನಾ?" ಅಕ್ಕ ಕೇಳಿದಳು.

"ಹೂಂ."

"ಹೀಗೇ ಗ್ಲೌಸ್ ಹಾಕ್ಕೊಂಡು?"

"ಹೂಂ. ಒಂದು ಹನಿಯೂ ಚರ್ಮಕ್ಕೆ ತಾಗಬಾರದು."

ಅಕ್ಕ ತನ್ನ ಕೈಯನ್ನೇ ನೋಡಿದಳು. ಕೆಂಪು ಔಷಧಿ ನಳಿಕೆಯುದ್ದಕ್ಕೂ ನಿಧಾನವಾಗಿ ಇಳಿದು, ಮುಂಗೈಯ ರಕ್ತನಾಳದೊಳಗೆ ಹೋಗುತ್ತಿತ್ತು.