ಸ್ಪಿರಿಟ್ ಕಪಾಟಿನ ಬೀಗದ ಕೈ

ನನ್ನ ಹೆಂಡತಿಯ ಮೂಗಿಗೆ ಯಾರಾದರೂ ಸಂಬಳ ಕೊಡುವಂತಿದ್ದರೆ ಈ ಹೊತ್ತಿಗೆ ನಾವು ಸ್ವಂತ ಮನೆ ಕಟ್ಟಿಸಿರುತ್ತಿದ್ದೆವು. ಸಂಜೆ ನಾನು ಬಾಗಿಲಿಗೆ ಬಂದರೆ ಸಾಕು, ಚಪ್ಪಲಿ ಬಿಡುವ ಮೊದಲೇ ಎದುರಿಗೆ ಬಂದು ನಿಂತು "ಹಾ ಅನ್ನಿ" ಎನ್ನುತ್ತಾಳೆ. ನಲವತ್ತಾರು ವರ್ಷದ ಗಂಡಸು ನಾನು, ಹಲ್ಲಿನ ಡಾಕ್ಟರ ಮುಂದೆ ನಿಂತ ಮಗುವಿನ ಹಾಗೆ ಬಾಯಿ ತೆರೆದು ಹಾ ಎನ್ನಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಅಂಗಿಯ ತೋಳು, ಕಾಲರು, ತಲೆಗೂದಲು, ಎಲ್ಲದರ ತಪಾಸಣೆ ಆಗಬೇಕು.

ನಾನು ಕುಡಿತ ಬಿಟ್ಟು, ಈ ಕತೆ ನಡೆದ ದಿನಕ್ಕೆ, ನೂರ ನಲವತ್ತಮೂರು ದಿನ. ಆದರೆ ನನ್ನ ಕೆಲಸ ಮರದ ಸಾಮಾನಿಗೆ ಪಾಲಿಶ್ ಹಾಕುವುದು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿ ಸುತ್ತಿದ ಬಟ್ಟೆಯ ಉಂಡೆಯಿಂದ ಮರಕ್ಕೆ ತಿಕ್ಕಬೇಕು. ಮುಚ್ಚಿದ ಕೋಣೆಯಲ್ಲಿ ದಿನವಿಡೀ ತಿಕ್ಕಿದವನ ಮೈ ಸ್ಪಿರಿಟ್ ನಾರದೆ ಇನ್ನೇನು ಅತ್ತರು ನಾರುತ್ತದೆಯೇ? ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಒಮ್ಮೆ ಕಾರ್ಖಾನೆಯ ನಲ್ಲಿಯಲ್ಲೇ ಸೋಪು ಹಚ್ಚಿ ಸ್ನಾನ ಮಾಡಿ, ಬೇರೆ ಅಂಗಿ ತೊಟ್ಟು ಹೋದೆ. "ಅಲ್ಲೇ ತೊಳ್ಕೊಂಡು ಬರೋ ಅಂಥದ್ದು ಏನಿತ್ತು?" ಎಂದಳು. ಮರುದಿನ ಸ್ನಾನ ಮಾಡದೆ ಹೋದೆ. ಮೂಸಿ ನೋಡಿ ಅಳುತ್ತ ಕೂತಳು.

ಕಾರ್ಖಾನೆಯ ಯಜಮಾನರದು ಇನ್ನೊಂದು ವರಸೆ. ನಾನು ಚಿಕಿತ್ಸಾ ಕೇಂದ್ರದಿಂದ ಬಂದ ಮೇಲೆ ಸ್ಪಿರಿಟ್ ಕ್ಯಾನನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದರು. ಬೆಳಿಗ್ಗೆ ಅವರೇ ಅರಗು ಕಲಸಿ ಬಟ್ಟಲಲ್ಲಿ ಕೊಡುವುದು, ಸಂಜೆ ಬಟ್ಟಲು ಇಸಿದುಕೊಂಡು ಅದರ ತಳ ನೋಡುವುದು. ಕೊನೆಯ ಕೈಯನ್ನಂತೂ ನನಗೆ ಬಿಡುತ್ತಲೇ ಇರಲಿಲ್ಲ. ಪಾಲಿಶ್‌ನ ಕೊನೆಯ ಕೈಗೆ ಅರಗು ಹೆಸರಿಗಷ್ಟೆ, ಉಳಿದದ್ದೆಲ್ಲ ಬರಿ ಸ್ಪಿರಿಟ್. ಮರಕ್ಕೆ ಕನ್ನಡಿಯ ಹೊಳಪು ಬರುವುದು ಅದರಿಂದಲೇ. ಇಪ್ಪತ್ತೆರಡು ವರ್ಷ ನಾನು ಹಾಕಿದ ಕೊನೆಯ ಕೈಯನ್ನು ಈಗ ಅವರು ಹಾಕುತ್ತಿದ್ದರು. ನಾನು ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತು ನೋಡಬೇಕು. ಮೈಯೆಲ್ಲ ಉರಿದುಹೋಗುತ್ತಿತ್ತು.

ಅವರನ್ನು ಬೈಯುವಂತೆಯೂ ಇಲ್ಲ. ಕಳೆದ ವರ್ಷ ರಜೆಯ ದಿನ ಇದೇ ಕ್ಯಾನಿನ ಸ್ಪಿರಿಟ್‌ಗೆ ನೀರು ಬೆರೆಸಿ ಕುಡಿದವನು ನಾನೇ. ಅದು ಹೆಂಡವಲ್ಲ, ವಿಷ ಎಂದು ನನಗಿಂತ ಚೆನ್ನಾಗಿ ಬಲ್ಲವರಾರು? ಎರಡು ದಿನ ಕಣ್ಣು ಕಾಣಲಿಲ್ಲ. ಇನ್ನೊಮ್ಮೆ ಕುಡಿದರೆ ಕಣ್ಣಷ್ಟೇ ಅಲ್ಲ, ಆಳೇ ಉಳಿಯುವುದಿಲ್ಲ ಎಂದು ಡಾಕ್ಟರು ಹೆಂಡತಿಯನ್ನು ಕೂರಿಸಿಕೊಂಡು ಹೇಳಿದ್ದರು. ಸುಳ್ಳು ಅನುಮಾನವಾಗಿದ್ದರೆ ಎದುರು ನಿಂತು ಜಗಳ ಆಡಬಹುದಿತ್ತು. ಇದು ನಾನೇ ಕೈಯಾರೆ ಸಂಪಾದಿಸಿಕೊಂಡ ಅನುಮಾನ. ಅದಕ್ಕೇ ನನ್ನ ಸಿಟ್ಟಿಗೆ ಹೋಗಲು ಜಾಗವೇ ಇರಲಿಲ್ಲ.

ಆ ದಿನ ಒಂದು ದೊಡ್ಡ ಜೋಡಿಬಾಗಿಲು ನಾಲ್ಕು ಗಂಟೆಗೆ ಗಿರಾಕಿಯ ಮನೆ ಸೇರಬೇಕಿತ್ತು. ಬೆಳಗಿನಿಂದ ಜಿಟಿಜಿಟಿ ಮಳೆ. ಗಾಳಿಯಲ್ಲಿ ತೇವ ಇದ್ದಾಗ ಕೊನೆಯ ಕೈ ಹಾಕಬಾರದು. "ಇವತ್ತು ಬೇಡ ಯಜಮಾನ್ರೇ, ಮಬ್ಬು ಹೊಡೆಯುತ್ತೆ. ಮಳೆ ನಿಂತ ಮೇಲೆ ನಾನೇ ಹಾಕ್ತೀನಿ" ಎಂದೆ. "ನಿಂಗೆ ಅದರ ಹತ್ತಿರ ಬರೋಕೆ ಒಂದು ನೆಪ ಬೇಕು ಅಷ್ಟೇ" ಎಂದರು. ಅಲ್ಲಿದ್ದ ಬಡಗಿಗಳು ನಕ್ಕರು. ಯಜಮಾನರೇ ಕೊನೆಯ ಕೈ ಹಾಕಿ, ಬಡಗಿಗಳನ್ನೆಲ್ಲ ಕರೆದುಕೊಂಡು ಗಿರಾಕಿಯ ಮನೆಗೆ ಚೌಕಟ್ಟು ಕೂರಿಸಲು ಹೋದರು.

ಊಟ ಮುಗಿಸಿ ಬಂದು ನೋಡಿದರೆ ಬಾಗಿಲಿಗೆ ಬೂದಿ ಬಳಿದ ಹಾಗೆ ಬಿಳಿ ಮಬ್ಬು. ಫೋನ್ ಮಾಡಿದೆ. ಯಜಮಾನರಿಗೆ ಮಬ್ಬಿನ ಸಂಗತಿ ಹೇಳಿದೆ.

"ಸರಿ ಮಾಡಕ್ಕಾಗುತ್ತಾ?"

"ಆಗುತ್ತೆ. ಸ್ಪಿರಿಟ್ ಬೇಕು."

"ಬೀಗದ ಕೈ ಮೇಜಿನ ಡ್ರಾಯರ್‌ನಲ್ಲಿದೆ. ಹಳೇ ಬಿಲ್ಲಿನ ಪುಸ್ತಕದೊಳಗೆ." ಆಮೇಲೆ ದನಿ ತಗ್ಗಿಸಿ, "ನೋಡಪ್ಪಾ..." ಎಂದರು.

ಕಪಾಟು ತೆರೆದೆ. ಬಟ್ಟಲಿಗೆ ಸ್ವಲ್ಪ ಬಗ್ಗಿಸಿಕೊಂಡೆ. ಕೋಣೆಯ ಬಾಗಿಲು ಮುಚ್ಚಿ, ಮೂಲೆಯಲ್ಲಿ ಹೀಟರ್ ಹಚ್ಚಿ, ಗಾಳಿ ಒಣಗುವವರೆಗೆ ಕಾದೆ. ಬಟ್ಟೆಯ ಉಂಡೆಗೆ ನಾಲ್ಕೇ ತೊಟ್ಟು ಹಾಕಿ, ಅಂಗೈಗೆ ತಟ್ಟಿ ನೋಡಿ, ಮರವನ್ನು ಮುಟ್ಟಿಯೂ ಮುಟ್ಟದ ಹಾಗೆ ಒರೆಸಿದೆ. ಮಬ್ಬು ಸರಿದು ಕೆಳಗಿನ ಕೆಂಪು ಮೇಲೆದ್ದು ಬಂತು. ನನ್ನ ಕೈ ಏನನ್ನೂ ಮರೆತಿರಲಿಲ್ಲ. ಎಷ್ಟೋ ತಿಂಗಳ ಮೇಲೆ ನನಗೆ ನಾನೇ ಶಹಬ್ಬಾಸ್ ಎಂದುಕೊಂಡೆ.

ಒಂದು ಬಾಗಿಲು ಮುಗಿಯುವಷ್ಟರಲ್ಲಿ ತಲೆ ಕೆಟ್ಟಿತು. ಇದನ್ನು ನೋಡುವವರು ಯಾರು? ಬಾಗಿಲು ಸಾಗಿಸಲು ಯಜಮಾನರು ಬಂದು ಮೊದಲು ನೋಡುವುದು ಕ್ಯಾನನ್ನೇ ಹೊರತು ಬಾಗಿಲನ್ನಲ್ಲ. ಸಂಜೆ ಹೆಂಡತಿ ಎಂದಿಗಿಂತ ಹತ್ತು ಪಟ್ಟು ವಾಸನೆ ಹಿಡಿದು ಅಳುತ್ತಾಳೆ. ಕುಡಿಯದೆಯೂ ಕುಡುಕ ಎನಿಸಿಕೊಳ್ಳುವುದಾದರೆ ಈ ನೂರ ನಲವತ್ತಮೂರು ದಿನ ನಾನು ಯಾವ ಸುಖಕ್ಕೆ ಒಣಗಿದೆ? ನೀರಿನ ಕೊಡದ ಮೇಲಿದ್ದ ಸ್ಟೀಲ್ ಲೋಟ ತಂದೆ. ಎರಡು ಬೆರಳಿನಷ್ಟು ಬಗ್ಗಿಸಿದೆ. ನೀರೂ ಬೆರೆಸಿದೆ. ಮುಂದೆ ಬರಿ ಎತ್ತುವುದಿತ್ತು.

ಎತ್ತುವ ಬದಲು ಫೋನ್ ತೆಗೆದೆ. ಧೈರ್ಯದಿಂದಲ್ಲ, ಹೆದರಿ. ಅಂಥ ಹೊತ್ತಿನಲ್ಲಿ ಯಾರಿಗಾದರೂ ಫೋನ್ ಮಾಡಿ ಎಂದು ಕೇಂದ್ರದ ಡಾಕ್ಟರಮ್ಮ ಅಭ್ಯಾಸ ಮಾಡಿಸಿದ್ದರು. ಕೇಂದ್ರದ ನಂಬರಿಗೆ ಮಾಡಿದೆ. ನಿಮ್ಮ ಕರೆ ನಮಗೆ ಮುಖ್ಯ ಎಂದು ರೆಕಾರ್ಡಿನ ಹುಡುಗಿ ಹೇಳುತ್ತಲೇ ಇದ್ದಳು. ಮುಖ್ಯವಾಗಿದ್ದರೆ ಎತ್ತು ತಾಯಿ! ಅಲ್ಲಿ ನನ್ನ ಪಕ್ಕದ ಮಂಚದವರಾಗಿದ್ದ ಗಡ್ಡದ ಮೇಷ್ಟ್ರಿಗೆ ಮಾಡಿದೆ. ನನಗಿಂತ ಎರಡು ತಿಂಗಳು ಮೊದಲೇ ಬಿಟ್ಟ ಗಟ್ಟಿ ಆಸಾಮಿ. ಎತ್ತಿದ ಕೂಡಲೇ "ಏನಪ್ಪಾ ನನ್ ರಾಜಾ!" ಎಂದರು. ನಾಲಿಗೆ ಹೊರಳುತ್ತಿರಲಿಲ್ಲ. ಮಟಮಟ ಮಧ್ಯಾಹ್ನ. ಏನೂ ಹೇಳದೆ ಇಟ್ಟುಬಿಟ್ಟೆ. ಲೋಟ ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು.

ಉಳಿದದ್ದು ಒಂದೇ ನಂಬರು. ಯಾರ ಮೂಗಿನಿಂದ ಇಷ್ಟೆಲ್ಲ ಆಯಿತೋ ಅವಳದೇ.

"ಕುಡಿದ್ರಾ?" ಇದು ಅವಳ ಹಲೋ.

"ಕುಡಿದಿಲ್ಲ ಕಣೇ! ಮೊದಲ ಮಾತೇ ಅದಾ? ಕ್ಯಾನು ತೆರೆದಿದೆ, ನಾನೊಬ್ಬನೇ ಇದೀನಿ. ಬರ್ತೀಯೋ ಇಲ್ವೋ?"

"ಹೊರಟೆ. ಫೋನ್ ಇಡಬೇಡ್ರಿ. ಮಾತಾಡ್ತಾ ಇರಿ."

"ಏನ್ ಮಾತಾಡ್ಲಿ ನಿನ್ ಜೊತೆ?"

ಅತ್ತ ಮನೆಯ ಬಾಗಿಲು ಹಾಕಿಕೊಂಡ ಸದ್ದು. "ಬೈರಿ" ಎಂದಳು. "ನನ್ ಮೇಲೆ ಇರೋದನ್ನೆಲ್ಲ ಬೈರಿ. ನಾನು ನಡೀತಾ ಕೇಳಿಸ್ಕೋತೀನಿ."

ಕೇಳಬೇಕೇ? ಶುರು ಹಚ್ಚಿಕೊಂಡೆ. ಹಾ ಎನ್ನಿಸುವುದನ್ನು ಬೈದೆ. ಮಗಳ ಸ್ನೇಹಿತೆಯ ಎದುರಿಗೇ ಮೂಸಿದ್ದನ್ನು ಬೈದೆ. ದಿಂಬು ಬಿಚ್ಚಿ ಬಾಟಲಿ ಹುಡುಕಿದ್ದನ್ನು, ತನ್ನ ಅಣ್ಣನ ಹತ್ತಿರ ನನ್ನ ಬಗ್ಗೆ ಪಿಸುಗುಟ್ಟಿದ್ದನ್ನು, ಮದುವೆಯಾದ ಹೊಸತರಲ್ಲಿ ನನ್ನ ಮೀಸೆಗೆ ನಕ್ಕಿದ್ದನ್ನೂ ಬಿಡಲಿಲ್ಲ. ಅವಳು ಹೂಂ, ಆಮೇಲೆ, ಹೂಂ ಎನ್ನುತ್ತಿದ್ದಳು. ಒಂದಕ್ಕೂ ಎದುರಾಡಲಿಲ್ಲ. ನಮ್ಮ ಮನೆಯಿಂದ ಕಾರ್ಖಾನೆಗೆ ಇಪ್ಪತ್ತು ನಿಮಿಷದ ದಾರಿ. ಹತ್ತೇ ನಿಮಿಷಕ್ಕೆ ನನ್ನ ಬೈಗುಳವೆಲ್ಲ ಖಾಲಿಯಾಯಿತು.

"ಇನ್ನೂ ಇದೆಯಾ?" ಎಂದಳು. "ನಾನಿನ್ನೂ ಬಸ್ ಸ್ಟ್ಯಾಂಡ್ ಹತ್ರ ಇದೀನಿ."

ಬೈಯಲು ಏನೂ ಉಳಿದಿರಲಿಲ್ಲ. ಹೇಳದೆ ಬಿಟ್ಟಿದ್ದ ಒಂದು ಮಾತು ಇತ್ತು.

"ಲೋಟಕ್ಕೆ ಬಗ್ಗಿಸಿದೀನಿ ಕಣೇ" ಎಂದೆ. "ನೀರೂ ಬೆರೆಸಿದೀನಿ. ಪಕ್ಕದಲ್ಲೇ ಇದೆ."

ಈಗ ಅವಳು ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡೆ. ಎರಡೂ ಆಗಲಿಲ್ಲ. ರಸ್ತೆಯ ಮೇಲೆ ಅವಳ ಚಪ್ಪಲಿ ಪಟಪಟ ಸದ್ದು ಮಾಡತೊಡಗಿತು. ಮಂಡಿನೋವೆಂದು ಮೆಟ್ಟಿಲು ಹತ್ತಲೂ ಗೊಣಗುವವಳು ಓಡುತ್ತಿದ್ದಳು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತೆ.

"ಸುಮ್ಮನಾಗಬೇಡ್ರಿ!" ಏದುಸಿರಿನ ನಡುವೆ ಅವಳು ಕೂಗಿದಳು. "ಹೇಳಿದ್ದನ್ನೇ ಹೇಳಿ, ಪರವಾಗಿಲ್ಲ. ಬೈರೀ!"